ಮೊದಲು ದುಡ್ಡು, ಆಮೇಲೆ ಹಾಡು

ನಮ್ಮ ಕಡೆ ಸಂತಾಪ ಸಭೆಗೆ ಒಂದು ಕ್ರಮವಿದೆ. ಟೇಬಲ್ಲಿನ ಮೇಲೆ ಫೋಟೋ, ಫೋಟೋಗೆ ಹಾರ, ಪಕ್ಕದಲ್ಲಿ ಊದುಬತ್ತಿ. ಅಗಲಿದವರ ಜೊತೆಗಿನ ಒಡನಾಟ ಹೇಳಲು ಎದ್ದು ಪೂರ್ತಿ ತಮ್ಮ ಬಗ್ಗೆಯೇ ಮಾತಾಡಿ ಕೂರುವ ನಾಲ್ಕು ಜನ. 'ತುಂಬಲಾರದ ನಷ್ಟ' ಅನ್ನುವ ಅಧ್ಯಕ್ಷರು. ಕೊನೆಗೆ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ. ಆ ನಿಮಿಷ ಅರ್ಧಕ್ಕೇ ಮುಗಿಯುವುದೂ ಉಂಟು, ಅಧ್ಯಕ್ಷರಿಗೆ ಇನ್ನೊಂದು ಸಭೆ ಕಾದಿರುತ್ತದೆ. ಚಕ್ ಬೆರಿ ತೀರಿಕೊಂಡ ಸುದ್ದಿ ಓದಿದಾಗ ನನಗೆ ಮೊದಲು ಅನ್ನಿಸಿದ್ದು, ಈ ಆಸಾಮಿಗೆ ಇಂಥ ಸಭೆ ಒಗ್ಗುವುದಿಲ್ಲ ಎಂದು. ಅವನ ಹೆಸರಾಂತ ಹಾಡುಗಳೇ ಎರಡೂವರೆ ನಿಮಿಷದ ಆಸುಪಾಸಿನವು. ಮೌನಕ್ಕೆ ಒಂದು ನಿಮಿಷ ಕೊಟ್ಟರೆ ಅರ್ಧ ಹಾಡು ಹೋದಂತೆಯೇ. ಇನ್ನು ತುಂಬಲಾರದ ನಷ್ಟದ ಮಾತು. ಎಲೆಕ್ಟ್ರಿಕ್ ಗಿಟಾರನ್ನು ಕೊರಳಿಗೆ ಹಾಕಿಕೊಂಡ ಹುಡುಗರು ತಲೆಮಾರುಗಟ್ಟಲೆ ಅವನ ಕೈಯನ್ನು ನೋಡಿ ಕದ್ದೇ ಕಲಿತವರು. ಅವನ ಜಾಗ ಅವನು ಬದುಕಿದ್ದಾಗಲೇ ತುಂಬಿ ತುಳುಕುತ್ತಿತ್ತು.

ಅವನು ಹೋದದ್ದು 2017ರ ಮಾರ್ಚ್ 18ರಂದು, ಅಮೆರಿಕದ ಮಿಸೌರಿ ರಾಜ್ಯದ ವೆಂಟ್ಸ್‌ವಿಲ್ ಬಳಿಯ ತನ್ನ ಮನೆಯಲ್ಲಿ. ತೊಂಬತ್ತು ತುಂಬಿತ್ತು. ದೊಡ್ಡ ದೊಡ್ಡವರೆಲ್ಲ ಗುಣಗಾನ ಮಾಡಿದರು. ರಾಕ್ ಅಂಡ್ ರೋಲಿನ ಪಿತಾಮಹ ಅಂದರು, ಯುವಜನರ ದನಿ ಅಂದರು. ಎಲ್ಲವೂ ನಿಜ. ಆದರೆ ನನಗೆ ಅವನ ಮೇಲೆ ಅಕ್ಕರೆ ಹುಟ್ಟಿದ್ದು ಬೇರೆ ಕಾರಣಕ್ಕೆ: ಈ ಮನುಷ್ಯ ಒಪ್ಪಿಕೊಂಡ ಸಂಭಾವನೆ ನಗದಾಗಿ ಕೈಗೆ ಬರುವವರೆಗೆ ವೇದಿಕೆ ಹತ್ತುತ್ತಿರಲಿಲ್ಲ. ಬ್ಯಾಂಕಿನ ಕ್ಯಾಷ್ ಕೌಂಟರಿನ ಹಿಂದೆ ಕೂತು ಕೂದಲು ನರೆಸಿಕೊಂಡವನು ನಾನು. ಕಲಾವಿದರೆಂದರೆ ಸಾಮಾನ್ಯವಾಗಿ ಚೆಕ್ಕಿಗೆ ಸಹಿ ಹಾಕುವುದನ್ನೇ ಮರೆಯುವ ಜನ. ಅಂಥವರ ಕುಲದಲ್ಲಿ ನೋಟು ಎಣಿಸಿಕೊಂಡು, ಕೇಸಿನಲ್ಲಿಟ್ಟು, ಆಮೇಲೆ ಗಿಟಾರಿಗೆ ಕೈಹಾಕುವವನೊಬ್ಬ ಇದ್ದಾನೆಂದು ತಿಳಿದಾಗ ಸ್ವಜಾತಿಯವನು ಸಿಕ್ಕಷ್ಟು ಸಂತೋಷವಾಗಿತ್ತು. ಅವನ ಹಾಡಿನ ಪರಿಚಯ ಮಾಡಿಸಿದ್ದು ದಂಡಿನ ಕಡೆಯಿಂದ ಬರುತ್ತಿದ್ದ ಒಬ್ಬ ಸಹೋದ್ಯೋಗಿ ಕೊಟ್ಟ ಕ್ಯಾಸೆಟ್ಟು. ಅವನ ನಗದು ನಿಯಮದ ಪರಿಚಯವಾದದ್ದು ಆಮೇಲೆ. ಎರಡನ್ನೂ ಕೂಡಿಸಿ ನೋಡಿದ ಮೇಲೇ ಅವನು ನನಗೆ ಅರ್ಥವಾಗತೊಡಗಿದ್ದು.

ಅವನು ಹುಟ್ಟಿದ್ದು 1926ರ ಅಕ್ಟೋಬರ್ 18ರಂದು, ಸೇಂಟ್ ಲೂಯಿಸ್ ನಗರದ 'ದಿ ವಿಲ್' ಎಂಬ ಬಡಾವಣೆಯ ಗುಡ್ ಅವೆನ್ಯೂನಲ್ಲಿ. ಕರಿಯರು ಗೌರವದಿಂದ ಬಾಳುತ್ತಿದ್ದ ಬಡಾವಣೆ ಅದು. ಅಪ್ಪ ಕಟ್ಟಡದ ಕೆಲಸದ ಗುತ್ತಿಗೆದಾರ, ಚರ್ಚಿನ ಹಿರಿಯ. ಅಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ. ಇಂಥ ಮನೆಯ ಹುಡುಗ ಹೈಸ್ಕೂಲು ಮುಗಿಸುವ ಮೊದಲೇ ಗೆಳೆಯರ ಜೊತೆ ಸೇರಿ ಪಿಸ್ತೂಲು ತೋರಿಸಿ ದರೋಡೆ ಮಾಡಿ ಸಿಕ್ಕಿಬಿದ್ದ. 1944ರಲ್ಲಿ ಸುಧಾರಣಾ ಗೃಹಕ್ಕೆ ಹೋದವನು ಹೊರಬಂದದ್ದು 1947ರಲ್ಲಿ, ತನ್ನ ಇಪ್ಪತ್ತೊಂದನೇ ಹುಟ್ಟುಹಬ್ಬದಂದು. ಮರುವರ್ಷ ಥೆಮೆಟಾ ಸಗ್ಸ್ ಎಂಬಾಕೆಯನ್ನು ಮದುವೆಯಾದ. ಎಲ್ಲರೂ ಟಾಡಿ ಎಂದು ಕರೆಯುವ ಈ ಹೆಂಗಸನ್ನು ಓದುಗರು ಮರೆಯಬಾರದು. ಮುಂದೆ ನನ್ನ ಹೆಂಡತಿ ಆಕೆಯ ಪರವಾಗಿ ವಕಾಲತ್ತು ವಹಿಸುವವಳಿದ್ದಾಳೆ.

ಸಂಸಾರ ನಡೆಯಬೇಕಲ್ಲ. ಕಾರಿನ ಕಾರ್ಖಾನೆಯಲ್ಲಿ ದುಡಿದ, ಕಸ ಗುಡಿಸಿದ, ಕೇಶಶೃಂಗಾರದ ತರಬೇತಿ ಪಡೆದ. ಸಂಜೆಯ ಹೊತ್ತು ಗಿಟಾರ್. 1952ರ ಡಿಸೆಂಬರ್ 31ರ ರಾತ್ರಿ ಪಿಯಾನೋ ವಾದಕ ಜಾನಿ ಜಾನ್ಸನ್ನನ ಮೂವರ ತಂಡದಲ್ಲಿ ಒಬ್ಬನಿಗೆ ಕಾಯಿಲೆಯಾಗಿ ಜಾಗ ಖಾಲಿ ಬಿತ್ತು. ಹೊಸವರ್ಷದ ರಾತ್ರಿ ಇನ್ಯಾರು ಸಿಗುತ್ತಾರೆ? ಜಾನ್ಸನ್ ಬೆರಿಯನ್ನು ಕರೆದ. ಈಸ್ಟ್ ಸೇಂಟ್ ಲೂಯಿಸ್‌ನ ಕಾಸ್ಮೋಪಾಲಿಟನ್ ಕ್ಲಬ್ಬಿಗೆ ಆವತ್ತು ಬದಲಿಗೆಂದು ಬಂದವನು ತಂಡಕ್ಕೇ ಯಜಮಾನನಾದ. ಅಲ್ಲಿ ಅವನು ಮಾಡಿದ ತರಲೆ ಕೇಳಿ. ಕರಿಯ ಶ್ರೋತೃಗಳೇ ತುಂಬಿದ ಕ್ಲಬ್ಬಿನಲ್ಲಿ ಬಿಳಿಯರ ಹಳ್ಳಿಗಾಡಿನ ಹಾಡು ಹಾಡತೊಡಗಿದ. ಜನ ಮೊದಲು ನಕ್ಕರು, ಇವನ್ಯಾರಪ್ಪಾ ಎಂದು ಕೇಳಿದರು, ಆಮೇಲೆ ಕುಣಿದರು. ಸುದ್ದಿ ಹಬ್ಬಿ ಬಿಳಿಯರೂ ಬರತೊಡಗಿದರು. ಗಿರಾಕಿಯ ನಾಡಿ ಹಿಡಿದು ಸರಕು ಹೊಂದಿಸುವ ಬುದ್ಧಿ ಅವನಿಗೆ ಆಗಲೇ ಬಂದಿತ್ತು.

1955ರ ಮೇ ತಿಂಗಳಲ್ಲಿ ಶಿಕಾಗೋಗೆ ಹೋದ. ಬ್ಲೂಸ್ ಹಾಡುಗಾರಿಕೆಯ ದೊರೆ ಮಡ್ಡಿ ವಾಟರ್ಸ್‌ನನ್ನು ಕಂಡು, ನನ್ನ ಹಾಡು ಯಾರು ರೆಕಾರ್ಡು ಮಾಡಿಯಾರು ಎಂದು ಕೇಳಿದ. ಚೆಸ್ ಕಂಪನಿಯ ಲೆನರ್ಡ್ ಚೆಸ್‌ನನ್ನು ನೋಡು ಎಂಬ ಉತ್ತರ ಬಂತು. ಚೆಸ್‌ಗೆ ಹಿಡಿಸಿದ್ದು ಬೆರಿ ನೆಚ್ಚಿಕೊಂಡಿದ್ದ ಬ್ಲೂಸ್ ಅಲ್ಲವೇ ಅಲ್ಲ. 'ಐಡಾ ರೆಡ್' ಎಂಬ ಹಳೆಯ ಪಿಟೀಲು ಹಾಡನ್ನು ಬೆರಿ ತನ್ನ ದಾರಿಗೆ ತಿರುಗಿಸಿಕೊಂಡಿದ್ದನಲ್ಲ, ಅದು. ಹೆಸರು ಬದಲಾಗಿ, ಕಾರುಗಳ ಜಿದ್ದಾಜಿದ್ದಿ ಸೇರಿ, ಅದು 'ಮೇಬೆಲೀನ್' ಆಯಿತು. ಮೇ 21ರಂದು ಧ್ವನಿಮುದ್ರಣ. ಹತ್ತು ಲಕ್ಷಕ್ಕೂ ಹೆಚ್ಚು ತಟ್ಟೆಗಳು ಮಾರಾಟವಾದವು.

ಮೂವತ್ತರ ಹೊಸ್ತಿಲಲ್ಲಿದ್ದ ಬೆರಿ ಸಂತೋಷದಿಂದ ನೋಡಿದರೆ, ಹಾಡು ಬರೆದವರ ಜಾಗದಲ್ಲಿ ಅವನ ಹೆಸರಿನ ಜೊತೆ ಇನ್ನೆರಡು ಹೆಸರು! ಒಬ್ಬ ಅಲನ್ ಫ್ರೀಡ್, ರೇಡಿಯೊದಲ್ಲಿ ತಟ್ಟೆ ಹಾಕುವವನು. ಇನ್ನೊಬ್ಬ ರಸ್ ಫ್ರಾಟೊ, ಚೆಸ್ ಕಂಪನಿಯ ಜೊತೆ ವ್ಯವಹಾರವಿದ್ದವನು. ಹಾಡಿನ ಒಂದು ಅಕ್ಷರಕ್ಕೂ ಇಬ್ಬರಿಗೂ ಸಂಬಂಧವಿಲ್ಲ. ರೇಡಿಯೊದಲ್ಲಿ ಹಾಡು ಮೇಲಿಂದ ಮೇಲೆ ಬರಬೇಕಾದರೆ ಬರಿಸುವವನಿಗೂ ಪಾಲು ಕೊಡುವುದು ಆ ಕಾಲದ ಪದ್ಧತಿ. ಹೀಗೆ ಮೊದಲ ಹಾಡಿನ ಗಳಿಕೆ ಮೂರು ಪಾಲಾಗಿ ಹೋಯಿತು. ಪೂರ್ತಿ ಹಕ್ಕು ಅವನ ಹೆಸರಿಗೆ ಮರಳಿದ್ದು 1986ರಲ್ಲಿ. ಬದುಕಿಡೀ ಅವನು ದುಡ್ಡನ್ನು ಮೊದಲು ಎಣಿಸಿಕೊಂಡದ್ದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಈಗ ಹಾಡಿಗೆ ಬರೋಣ. 1958ರ 'ಜಾನಿ ಬಿ. ಗುಡ್' ಹಾಕಿ ಮೊದಲ ಕೆಲವು ಕ್ಷಣ ಮಾತ್ರ ಕೇಳಿ. ತಾಳವಿಲ್ಲ, ಪಿಯಾನೋ ಇಲ್ಲ, ಗಿಟಾರ್ ಒಂದೇ ಬಾಗಿಲು ಒದ್ದುಕೊಂಡು ಬರುತ್ತದೆ. ಒಂದು ತಂತಿಯಲ್ಲಿ ಚುರುಕಾಗಿ ಶುರುವಾದ ಪಲುಕು ಎರಡು ತಂತಿಗೆ ಹಬ್ಬುತ್ತದೆ. ಪಕ್ಕಪಕ್ಕದ ಎರಡು ತಂತಿಗಳನ್ನು ಒಂದೇ ಬೆರಳಿನಿಂದ ಒತ್ತಿ ಒಟ್ಟಿಗೆ ಮೀಟುವುದು ಅವನ ಕೈಗುರುತು. ಪಿಯಾನೋದವನು ಎರಡು ಮನೆಗಳನ್ನು ಜೋಡಿಯಾಗಿ ಬಡಿಯುವ ಗತ್ತು ಗಿಟಾರಿಗೆ ಬಂದದ್ದು ಹಾಗೆ. ಅಷ್ಟರಲ್ಲಿ ಡ್ರಮ್ಮು, ಬಾಸು, ಪಿಯಾನೋ ಎಲ್ಲ ಒಟ್ಟಿಗೆ ಧುಮುಕುತ್ತವೆ. ಅಲ್ಲಿಗೆ ಕೂತವರು ಎದ್ದಾಯಿತು. ಆ ಆರಂಭದ ಪಲುಕು ಪೂರ್ತಿ ಅವನ ಸ್ವಂತದ್ದಲ್ಲ. ಲೂಯಿ ಜೋರ್ಡನ್ ತಂಡದ ಗಿಟಾರ್ ವಾದಕ ಕಾರ್ಲ್ ಹೋಗನ್ 1946ರ ಒಂದು ಹಾಡಿನಲ್ಲಿ ಹೆಚ್ಚುಕಡಿಮೆ ಹಾಗೆಯೇ ನುಡಿಸಿದ್ದ. ಆ ಸಾಲವನ್ನು ಬೆರಿ ಮುಚ್ಚಿಡಲಿಲ್ಲ. ಹೋಗನ್ ಮುಗುಳ್ನಗುತ್ತ ನುಡಿಸಿದ್ದನ್ನು ಇವನು ಪಂಥ ಕಟ್ಟಿ ನುಡಿಸಿದ, ಜನ ನೆನಪಿಟ್ಟುಕೊಂಡದ್ದು ಪಂಥವನ್ನು.

ಗಿಟಾರಿನಷ್ಟೇ ಗಟ್ಟಿ ಅವನ ಮಾತುಗಾರಿಕೆ. ಶಾಲೆಯ ಪಾಠ, ಊಟದ ಗಂಟೆ, ಮಧ್ಯಾಹ್ನ ಮೂರಾದ ಕೂಡಲೇ ಹೊರಗೋಡುವ ಮಕ್ಕಳು, ಬೀದಿಯ ಮೂಲೆಯ ಹೋಟೆಲಿನ ಹಾಡಿನ ಪೆಟ್ಟಿಗೆ, ಇವನ್ನೆಲ್ಲ 'ಸ್ಕೂಲ್ ಡೇ' ಹಾಡಿಗೆ ತಂದಾಗ ಅವನಿಗೆ ಮೂವತ್ತು ವರ್ಷ, ಮಕ್ಕಳೊಂದಿಗ. ಹದಿಹರೆಯದ ಹಾಡುಗಳನ್ನು ಬರೆದವನು ಹದಿಹರೆಯವನ್ನು ಸರಳಿನ ಹಿಂದೆ ಕಳೆದವನು. ತಾನು ಕಳೆದುಕೊಂಡದ್ದನ್ನು ಇತರ ಮಕ್ಕಳ ಮುಖದಲ್ಲಿ ಓದಿ, ಯಾರು ಏನು ಕೊಂಡಾರು ಎಂದು ಲೆಕ್ಕ ಹಾಕಿ ಬರೆದ. ಉಚ್ಚಾರ ಎಷ್ಟು ಬಿಡಿಸಿ ಇಡುತ್ತಿದ್ದನೆಂದರೆ ರೇಡಿಯೊದಲ್ಲಿ ಕೇಳಿದವರಲ್ಲಿ ಎಷ್ಟೋ ಜನ ಅವನನ್ನು ಬಿಳಿಯನೆಂದೇ ತಿಳಿದಿದ್ದರು. ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ಕಾರ್ಯಕ್ರಮ ಗೊತ್ತುಮಾಡಿದವರು ಅವನ ಮುಖ ನೋಡಿದ ಮೇಲೆ ಒಳಗೆ ಬಿಡಲಿಲ್ಲ. ಅವನ ಹಾಡು ಒಳಗೆ ಬೇರೆಯವರ ಬಾಯಲ್ಲಿ, ಅವನು ಹೊರಗೆ. 'ಜಾನಿ ಬಿ. ಗುಡ್' ಬರೆಯುವಾಗಲೂ ನಾಯಕ ಮೊದಲು ಕರಿಯ ಹುಡುಗನೇ ಆಗಿದ್ದ. ಹಾಗೆಂದರೆ ರೇಡಿಯೊದವರು ಹಾಕಲಾರರು ಎಂದು ಹಳ್ಳಿ ಹುಡುಗನನ್ನಾಗಿ ಮಾಡಿದ. ಜಾನಿ ಎಂಬ ಹೆಸರಿಗೆ ಪಿಯಾನೋದ ಗೆಳೆಯ ಒಂದು ಕಾರಣ, ಗುಡ್ ಎಂಬುದಕ್ಕೆ ಹುಟ್ಟಿದ ಬೀದಿ. ಬಣ್ಣ ಹೋದರೂ ವಿಳಾಸ ಉಳಿಸಿಕೊಂಡ.

ಸುಗ್ಗಿಯ ಕಾಲದಲ್ಲೇ, 1959ರ ಕೊನೆಯಲ್ಲಿ, ಮತ್ತೆ ಪೊಲೀಸರ ಕೈಗೆ ಸಿಕ್ಕ. ಹದಿನಾಲ್ಕು ವರ್ಷದ ಹುಡುಗಿಯನ್ನು ಅನೈತಿಕ ಉದ್ದೇಶಕ್ಕೆ ರಾಜ್ಯದಿಂದ ರಾಜ್ಯಕ್ಕೆ ಕರೆತಂದ ಆರೋಪ. ಮೊದಲ ವಿಚಾರಣೆಯ ನ್ಯಾಯಾಧೀಶ ಅವನ ಬಣ್ಣದ ಮೇಲೆ ಎಂಥ ಮಾತಾಡಿದನೆಂದರೆ ಮೇಲಿನ ನ್ಯಾಯಾಲಯ ಆ ತೀರ್ಪನ್ನೇ ತಳ್ಳಿಹಾಕಿತು. ಎರಡನೆಯ ವಿಚಾರಣೆಯಲ್ಲೂ ಅಪರಾಧಿ ಎಂದೇ ಆಯಿತು. 1962ರ ಫೆಬ್ರವರಿಯಿಂದ 1963ರ ಅಕ್ಟೋಬರ್‌ವರೆಗೆ ಜೈಲು. ಅಲ್ಲಿ ಅವನು ಅಮೆರಿಕದ ಭೂಪಟ ಬೇಕೆಂದು ಕೇಳಿದ. ಕೈದಿ ಭೂಪಟ ಕೇಳಿದರೆ ಜೈಲಿನವರಿಗೆ ಏನನ್ನಿಸಬೇಕು? ಅನುಮಾನ ಪಟ್ಟರು. ಅವನಿಗೆ ಬೇಕಾಗಿದ್ದದ್ದು ಊರುಗಳ ಹೆಸರು. 'ಪ್ರಾಮಿಸ್ಡ್ ಲ್ಯಾಂಡ್' ಎಂಬ ಹಾಡಿನ ಬಡ ಹುಡುಗ ವರ್ಜೀನಿಯಾದ ನಾರ್ಫೋಕ್‌ನಲ್ಲಿ ಬಸ್ಸು ಹತ್ತಿ, ಅಲಬಾಮಾದಲ್ಲಿ ಬಸ್ಸು ಕೆಟ್ಟು, ರೈಲು ಹಿಡಿದು, ಕೊನೆಗೆ ವಿಮಾನದಲ್ಲಿ ಕ್ಯಾಲಿಫೋರ್ನಿಯಾ ಸೇರುತ್ತಾನೆ. ಸ್ವಲ್ಪ ಮೊದಲು, 1961ರಲ್ಲಿ, ಬಸ್ಸಿನಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಕೂರುವ ಹಕ್ಕಿಗಾಗಿ ಹೊರಟ ಯಾತ್ರಿಗಳು ಪೆಟ್ಟು ತಿಂದದ್ದೂ ಆ ಬಸ್ಸಿನ ದಾರಿಯ ಊರುಗಳಲ್ಲೇ. ಹಾಡಿನಲ್ಲಿ ದೂರಿಲ್ಲ, ಭಾಷಣವಿಲ್ಲ. ಊರಿನ ಹೆಸರುಗಳು ಬಸ್ಸಿನ ವೇಗದಲ್ಲಿ ಹಾದುಹೋಗುತ್ತವೆ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ.

ಅವನು ಒಳಗಿದ್ದಾಗ ಹೊರಗೆ ಅವನ ಬೆಳೆಯನ್ನು ಬೇರೆಯವರು ಕೊಯ್ದರು. ಬೀಚ್ ಬಾಯ್ಸ್ 1963ರಲ್ಲಿ 'ಸ್ವೀಟ್ ಲಿಟಲ್ ಸಿಕ್ಸ್‌ಟೀನ್' ಧಾಟಿಗೆ ಹೊಸ ಮಾತು ಹೊಂದಿಸಿ 'ಸರ್ಫಿಂಗ್ ಯು.ಎಸ್.ಎ.' ಹಾಡಿದರು. ಆಮೇಲೆ ಅದರ ಹಕ್ಕಿನಲ್ಲಿ ಬೆರಿಯ ಹೆಸರು ಸೇರಿಸಬೇಕಾಯಿತು. ಬೀಟಲ್ಸ್ 'ರೋಲ್ ಓವರ್ ಬೀಥೋವನ್' ಹಾಡಿದರು. ಇಂಗ್ಲೆಂಡಿನ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಬೆರಿ ಜೈಲಿಗೆ ಹೋಗುವ ಮೊದಲೇ, 1961ರಲ್ಲಿ, ಮಿಕ್ ಜ್ಯಾಗರ್ ಕಂಕುಳಲ್ಲಿ ಇಟ್ಟುಕೊಂಡಿದ್ದ ರೆಕಾರ್ಡುಗಳಲ್ಲಿ ಒಂದು ಚಕ್ ಬೆರಿಯದು. ಅದನ್ನು ಕಂಡು ಕೀತ್ ರಿಚರ್ಡ್ಸ್ ಮಾತಿಗೆ ನಿಂತ. ರೋಲಿಂಗ್ ಸ್ಟೋನ್ಸ್ ಹುಟ್ಟಿದ್ದು ಆ ಮಾತಿನಿಂದ.

ಅವನ ಕಚೇರಿಯ ಶಿಸ್ತೇ ಬೇರೆ. ಸ್ವಂತ ತಂಡವೆಂಬುದನ್ನು ಬಿಟ್ಟುಬಿಟ್ಟ. ಗಿಟಾರ್ ಕೇಸು ಹಿಡಿದು ಒಬ್ಬನೇ ವಿಮಾನ ಇಳಿದು, ಕಾರು ತಾನೇ ಓಡಿಸಿಕೊಂಡು ಬರುತ್ತಿದ್ದ. ಪಕ್ಕವಾದ್ಯಕ್ಕೆ ಆಯಾ ಊರಿನ ಹುಡುಗರನ್ನು ಆಯೋಜಕರೇ ಹೊಂದಿಸಬೇಕು. ಯಾವ ಮಾದರಿಯ ಆಂಪ್ಲಿಫೈಯರ್ ಬೇಕೆಂದು ಕರಾರಿನಲ್ಲಿ ಬರೆದಿರುತ್ತಿತ್ತು. ಹಣ ಎಣಿಸಿಯಾದ ಮೇಲೆ ನೇರ ವೇದಿಕೆ. ತಾಲೀಮಿಲ್ಲ, ಹಾಡುಗಳ ಪಟ್ಟಿ ಇಲ್ಲ, ಯಾವ ಶ್ರುತಿ ಎಂದು ಹೇಳುವುದೂ ಇಲ್ಲ. ಅವನ ಶ್ರುತಿಗಳೋ ಪಿಯಾನೋಗೆ ಹೊಂದುವಂಥವು, ಗಿಟಾರ್ ಹುಡುಗರ ಬೆರಳಿಗೆ ಪರೀಕ್ಷೆ. 1973ರಲ್ಲಿ ಹೀಗೆ ಪಕ್ಕವಾದ್ಯಕ್ಕೆ ನಿಂತ ಒಬ್ಬ ಹುಡುಗ, ಇವತ್ತು ಯಾವ ಹಾಡು ಎಂದು ಮೊದಲೇ ತಿಳಿದುಕೊಳ್ಳಲು ನೋಡಿದಾಗ, ಚಕ್ ಬೆರಿಯ ಹಾಡುಗಳು ಎಂಬ ಉತ್ತರ ಬಂತಂತೆ. ಆ ಹುಡುಗ ಬ್ರೂಸ್ ಸ್ಪ್ರಿಂಗ್‌ಸ್ಟೀನ್. ಉತ್ತರದಲ್ಲಿ ಸೊಕ್ಕು ಇದ್ದರೂ ತರ್ಕ ಗಟ್ಟಿ. ಗಿಟಾರ್ ಹಿಡಿದವನಿಗೆ ನನ್ನ ಹಾಡು ಬಾರದಿದ್ದರೆ ತಪ್ಪು ಯಾರದು?

ಎಲ್ಲಕ್ಕೂ ನಗದು ಎಂದ ಮೇಲೆ ತೆರಿಗೆಯವರು ಸುಮ್ಮನಿರುತ್ತಾರೆಯೇ? 1979ರ ಜೂನ್ ತಿಂಗಳಲ್ಲಿ ಶ್ವೇತಭವನದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಎದುರು ಹಾಡಿದ. ಅದೇ ವರ್ಷ ತೆರಿಗೆ ವಂಚನೆಗಾಗಿ ನಾಲ್ಕು ತಿಂಗಳ ಜೈಲು. ಸನ್ಮಾನದ ಹಾರವೂ ಸರಕಾರದ್ದೇ, ಸರಪಳಿಯೂ ಸರಕಾರದ್ದೇ.

1986ರ ಅಕ್ಟೋಬರ್‌ನಲ್ಲಿ ಅವನಿಗೆ ಅರವತ್ತು. ಕೀತ್ ರಿಚರ್ಡ್ಸ್ ಗುರುದಕ್ಷಿಣೆ ಕೊಡುವ ಉತ್ಸಾಹದಲ್ಲಿ ಒಳ್ಳೆಯ ವಾದಕರನ್ನು ಕೂಡಿಸಿ ಸೇಂಟ್ ಲೂಯಿಸ್‌ನ ಫಾಕ್ಸ್ ಥಿಯೇಟರಿನಲ್ಲಿ ಹಬ್ಬ ಏರ್ಪಡಿಸಿದ. ಟೇಲರ್ ಹ್ಯಾಕ್‌ಫರ್ಡ್ ಅದನ್ನು ಚಿತ್ರವಾಗಿಸಿದ. ಚಿತ್ರದಲ್ಲಿ ಒಂದು ತಾಲೀಮು ಬರುತ್ತದೆ. ಶಿಷ್ಯ ಜಗತ್ಪ್ರಸಿದ್ಧ, ಕೈಯಲ್ಲಿ ಗಿಟಾರ್, ಬಾಯಲ್ಲಿ ಸಿಗರೇಟು. ಗುರು 'ಕ್ಯಾರಲ್' ಹಾಡಿನ ಆರಂಭದಲ್ಲೇ ತಡೆದು ನಿಲ್ಲಿಸುತ್ತಾನೆ. ತಂತಿ ಜಗ್ಗುವುದು ಹಾಗಲ್ಲ, ಹೀಗೆ. ಮತ್ತೆ. ಮತ್ತೊಮ್ಮೆ. ರಿಚರ್ಡ್ಸ್‌ನ ಮುಖ ಕೆಂಪೇರುತ್ತದೆ, ಆದರೂ ನುಂಗಿಕೊಂಡು ನುಡಿಸುತ್ತಾನೆ. ಸಂಗೀತದ ಮೇಷ್ಟರ ಮುಂದೆ ವರ್ಣ ತಪ್ಪಿ ಕೂತವರಿಗೆಲ್ಲ ಆ ದೃಶ್ಯ ಚೆನ್ನಾಗಿ ಅರ್ಥವಾಗುತ್ತದೆ. ಅದೇ ಥಿಯೇಟರಿಗೆ ಚಿಕ್ಕಂದಿನಲ್ಲಿ ಅಪ್ಪನ ಜೊತೆ ಸಿನಿಮಾ ನೋಡಲು ಹೋದಾಗ, ಕರಿಯರೆಂದು ಟಿಕೆಟ್ ಕೊಡದೆ ಕಳಿಸಿದ್ದರಂತೆ. ಅದನ್ನೂ ಅವನೇ ಆ ಚಿತ್ರದಲ್ಲಿ ಹೇಳುತ್ತಾನೆ. ಈ ಬಾಕಿಯೊಂದು ಬಡ್ಡಿಸಮೇತ ವಸೂಲಾಯಿತು.

ಇನ್ನೊಂದು ಖಾತೆ ಭೂಮಿಯ ಆಚೆ ಇದೆ. 1977ರಲ್ಲಿ ಅಮೆರಿಕದವರು ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ, ಬೇರೆ ಲೋಕದವರು ಸಿಕ್ಕರೆ ಕೇಳಿಸಿಕೊಳ್ಳಲಿ ಎಂದು, ಚಿನ್ನದ ಲೇಪದ ತಾಮ್ರದ ಗ್ರಾಮಫೋನ್ ತಟ್ಟೆ ಇಟ್ಟಿದ್ದಾರೆ. ಆಯ್ಕೆಯ ಹೊಣೆ ಕಾರ್ಲ್ ಸೇಗನ್ ಮತ್ತು ಗೆಳೆಯರದು. 'ಜಾನಿ ಬಿ. ಗುಡ್' ಸೇರಿಸುವ ಮಾತು ಬಂದಾಗ ಜಾನಪದ ತಜ್ಞ ಅಲನ್ ಲೋಮ್ಯಾಕ್ಸ್, ಅದು ಹುಡುಗಾಟದ ಸಂಗೀತ ಎಂದು ತಕರಾರು ತೆಗೆದ. ಭೂಮಿಯ ಮೇಲೆ ಹುಡುಗರೂ ಬೇಕಾದಷ್ಟಿದ್ದಾರಲ್ಲ ಎಂದು ಸೇಗನ್ ಉತ್ತರಿಸಿದ. ಬಾಖ್ ಮತ್ತು ಬೀಥೋವನ್‌ರ ಜೊತೆ ಬೆರಿಯೂ ಹೊರಟ. ಅದೇ ತಟ್ಟೆಯಲ್ಲಿ ಗೋವೆಯ ಕೇಸರ್‌ಬಾಯಿ ಕೇರ್ಕರ್ ಭೈರವಿ ಹಾಡಿದ್ದಾರೆ. ಐವತ್ತೈದು ಭಾಷೆಗಳ ಶುಭಾಶಯಗಳಲ್ಲಿ ಕನ್ನಡಿಗರ ಪರವಾಗಿ ಹೇಳಿದ ನಮ್ಮ ನಮಸ್ತೆಯೂ ಇದೆ. ವಾಯೇಜರ್ 1 ಸೂರ್ಯನ ಗಾಳಿ ಬೀಸುವ ಸೀಮೆಯನ್ನೇ 2012ರಲ್ಲಿ ದಾಟಿ ಹೋಗಿದೆ. ಕನ್ನಡಕ್ಕೂ ರಾಕ್ ಅಂಡ್ ರೋಲಿಗೂ ಏನಯ್ಯಾ ಸಂಬಂಧ ಎಂದು ಕೇಳುವ ಗೆಳೆಯರಿಗೆ ನಾನು ಆಕಾಶ ತೋರಿಸಿ ಸುಮ್ಮನಾಗುತ್ತೇನೆ.

ಸಂತಾಪ ಸಭೆಯಾಗಿದ್ದರೆ ಇಲ್ಲಿಗೆ ನಿಲ್ಲಿಸಿ ಕೂರಬೇಕಿತ್ತು. ಆದರೆ ಲೆಕ್ಕದಲ್ಲಿ ಎರಡು ಕಡೆಗಳಿವೆ. ಹದಿನಾಲ್ಕರ ಹುಡುಗಿಯ ಪ್ರಕರಣವನ್ನು 'ವಿವಾದ' ಎಂಬ ಒಂದು ಮಾತಿನಲ್ಲಿ ಸುತ್ತಿ ಬದಿಗಿಡಲಾಗದು. ನ್ಯಾಯಾಧೀಶ ಜನಾಂಗದ್ವೇಷಿ ಆಗಿದ್ದದ್ದೂ ನಿಜ, ಹುಡುಗಿಗೆ ಹದಿನಾಲ್ಕಾಗಿದ್ದದ್ದೂ ನಿಜ. 1990ರ ಸುಮಾರಿಗೆ, ಅವನ ಹೋಟೆಲಿನ ಹೆಂಗಸರ ಶೌಚಾಲಯದಲ್ಲಿ ಕ್ಯಾಮೆರಾ ಇಡಿಸಿದ್ದನೆಂದು ಹಲವು ಮಹಿಳೆಯರು ದಾವೆ ಹೂಡಿದರು. ಅವನು ತಪ್ಪೊಪ್ಪಿಕೊಳ್ಳಲಿಲ್ಲ, ಆದರೆ ಹಣ ಕೊಟ್ಟು ರಾಜಿ ಮಾಡಿಕೊಂಡ. ತನ್ನ ಹಾಡಿನಲ್ಲಿ ಬೇರೆಯವರು ಪಾಲು ತಿಂದದ್ದಕ್ಕೆ ಮೂವತ್ತು ವರ್ಷ ಕುದಿದವನ ಮೇಲೆ, ಹಳೆಯ ಜೊತೆಗಾರ ಜಾನಿ ಜಾನ್ಸನ್ನನೇ 2000ದಲ್ಲಿ, ಆ ಹಾಡುಗಳಲ್ಲಿ ನನ್ನದೂ ಪಾಲಿದೆ ಎಂದು ಕೋರ್ಟಿಗೆ ಹೋದ. ತುಂಬಾ ತಡವಾಯಿತು ಎಂದು ಕೋರ್ಟು ಎರಡು ವರ್ಷದ ಮೇಲೆ ಅರ್ಜಿ ವಜಾ ಮಾಡಿತು.

ಅಭಿಮಾನಿಗಳು ಮಾಡುವುದು ಸುಲಭದ ಕೆಲಸ. ಹಾಡಿನ ಜಮೆಯಲ್ಲಿ ತಪ್ಪಿನ ಖರ್ಚನ್ನು ಕಳೆದು, ಉಳಿದದ್ದು ಒಳ್ಳೆಯ ಮೊತ್ತವೇ ಎಂದು ಸಹಿ ಹಾಕುತ್ತಾರೆ. ವಿರೋಧಿಗಳು ಖರ್ಚು ತೋರಿಸಿ ಖಾತೆಯನ್ನೇ ಮುಚ್ಚುತ್ತಾರೆ. ಬ್ಯಾಂಕಿನಲ್ಲಿ ಹೀಗೆ ಮಾಡಿದವನು ಅಮಾನತಾಗುತ್ತಿದ್ದ. ಒಬ್ಬರ ಖಾತೆಯ ಸಾಲವನ್ನು ಇನ್ನೊಬ್ಬರ ಖಾತೆಯ ಜಮೆಯಿಂದ ತೀರಿಸುವಂತಿಲ್ಲ. ಹಾಡು ಬಂದದ್ದು ನಮಗೆ, ಅನ್ಯಾಯವಾದದ್ದು ಬೇರೆಯವರಿಗೆ. ನಾವು ಎಷ್ಟು ಕುಣಿದರೂ ಆ ಹುಡುಗಿಯ ಬಾಕಿ ಒಂದು ಕಾಸೂ ಇಳಿಯುವುದಿಲ್ಲ. ನಾವು ರೆಕಾರ್ಡು ಒಡೆದು ಹಾಕಿದರೂ ಇಳಿಯುವುದಿಲ್ಲ. ಆದ್ದರಿಂದ ನಾನು ಅವನ ಹಾಡು ಕೇಳುತ್ತೇನೆ, ಅವನಿಗೆ ಹಾರ ಹಾಕುವುದಿಲ್ಲ.

ಸೇಂಟ್ ಲೂಯಿಸ್‌ನಲ್ಲಿ ಏಪ್ರಿಲ್ 9ರಂದು ಅವನನ್ನು ಬೀಳ್ಕೊಟ್ಟರು. ಶವಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅವನ ಚೆರಿ ಕೆಂಪಿನ ಗಿಬ್ಸನ್ ಗಿಟಾರನ್ನು ಬಿಗಿದಿದ್ದರು. ಎಣಿಸಿಕೊಂಡ ನೋಟು ಯಾವುದೂ ಜೊತೆಗೆ ಹೋಗಲಿಲ್ಲ, ಅದು ಹೋಯಿತು. ಜೂನ್‌ನಲ್ಲಿ 'ಚಕ್' ಎಂಬ ಆಲ್ಬಂ ಬಂತು. 38 ವರ್ಷದ ನಂತರ ಹೊಸ ಹಾಡುಗಳು. ಮಗ, ಮಗಳು, ಮೊಮ್ಮಗನೂ ನುಡಿಸಿದ್ದಾರೆ. ತೊಂಬತ್ತನೇ ಹುಟ್ಟುಹಬ್ಬದಂದೇ ಅದನ್ನು ಘೋಷಿಸಿ, ಟಾಡಿಗೆ ಅರ್ಪಣೆ ಎಂದಿದ್ದ. ಮದುವೆಯಾಗಿ 68 ವರ್ಷವಾಗಿತ್ತು. ಮೂರು ಹೊತ್ತು ಊರೂರು ಸುತ್ತುವ ಗಂಡ, ಎರಡು ಸಲ ಜೈಲು, ಪತ್ರಿಕೆ ತುಂಬ ಅವನ ಸುದ್ದಿ, ಇಷ್ಟರ ನಡುವೆ ಆಕೆ ಮನೆ ನಡೆಸಿದ್ದಳು.

ಇದನ್ನೆಲ್ಲ ಹುರುಪಿನಿಂದ ಮನೆಯಲ್ಲಿ ಹೇಳುತ್ತಿದ್ದೆ. ನನ್ನ ಹೆಂಡತಿ ಅವರೆಕಾಯಿ ಸುಲಿಯುತ್ತ ಕೇಳಿಸಿಕೊಂಡಳು.

"ಅಲ್ಲ ರೀ, ರೇಡಿಯೊದವನು ಮೂರರಲ್ಲಿ ಒಂದು ಪಾಲು ತಿಂದ ಅಂತ ಇಷ್ಟು ಸಂಕಟ ಪಡ್ತೀರಲ್ಲ, ಆ ಯಮ್ಮನ ಪಾಲೆಷ್ಟು ಅಂತ ಯಾರಾದರೂ ಲೆಕ್ಕ ಹಾಕಿದರಾ?"

ನಾನು ಕೊನೆಯ ಆಲ್ಬಂನ ನೆರವು ಪಡೆದೆ. ಅದರಲ್ಲಿ 'ಲೇಡಿ ಬಿ. ಗುಡ್' ಎಂದೇ ಒಂದು ಹಾಡಿದೆ, ಗಿಟಾರ್ ಹಿಡಿದು ಹೋದ ಜಾನಿಯ ಕಥೆಯನ್ನು ಅವನ ಹೆಣ್ಣಿನ ಕಡೆಯಿಂದ ಮುಂದುವರಿಸಿದ್ದಾನೆ, ಲೆಕ್ಕದಲ್ಲಿ ಅದೂ ಜಮೆ ಅಲ್ಲವೇ ಎಂದೆ.

ಅವಳು ಸಿಪ್ಪೆಯನ್ನು ಒಂದು ಕಡೆ ಒಟ್ಟಿ, ಕಾಳಿನ ಪಾತ್ರೆ ಎತ್ತಿಕೊಂಡು ಎದ್ದಳು.

"ತೊಂಬತ್ತನೇ ವಯಸ್ಸಿಗೆ ನೆನಪಾಯಿತಾ? ಸರಿ, ಅಸಲು ಬಂತು ಅಂತಿಟ್ಟುಕೊಳ್ಳೋಣ. ಬಡ್ಡಿ?"